ಅಕ್ಕನ ಎಡಗೆನ್ನೆ

ನಮ್ಮ ಬೀದಿಯಲ್ಲಿ ಎಲ್ಲರೂ ಅವನನ್ನು ಅಣ್ಣ ಎಂದೇ ಕರೆಯುವುದು. ಅವನಿಗಿಂತ ನಾಲ್ಕು ವರ್ಷ ದೊಡ್ಡವನಾದ ನಾನೂ ಅಣ್ಣ ಎನ್ನುತ್ತೇನೆ, ಎದುರುಮನೆಯ ಅಜ್ಜಿಯೂ ಅಣ್ಣ ಎನ್ನುತ್ತಾಳೆ. ಅವನ ಫೋಟೋ ಸ್ಟುಡಿಯೋದಲ್ಲಿ ಒಡಹುಟ್ಟಿದ ತಮ್ಮ ಕೆಲಸ ಮಾಡುತ್ತಿದ್ದ. ಅವನು ಒಳಗಿನಿಂದ ದಿನಕ್ಕೆ ನೂರು ಸಲ "ಅಣ್ಣಾ" ಎಂದು ಕೂಗಿದ್ದನ್ನು ಕೇಳಿ ಕೇಳಿ ಬೀದಿಗೆಲ್ಲ ಅಂಟಿಕೊಂಡ ಹೆಸರು ಅದು. ಈಗ ಬೀದಿ ಕರೆಯುತ್ತದೆ, ಒಳಗಿನಿಂದ ಕೂಗಲು ತಮ್ಮ ಇಲ್ಲ. ನಡುವೆ ಒಂದೂವರೆ ವರ್ಷ ಅವರಿಬ್ಬರಿಗೆ ಮಾತೇ ಇರಲಿಲ್ಲ.

ನಾನು ಪಕ್ಕದ ಅಂಗಡಿಯವನು. ಫೋಟೋಗಳಿಗೆ ಕಟ್ಟು ಹಾಕುವುದು ನನ್ನ ಕಸುಬು. ಮರದ ಪಟ್ಟಿ, ಗಾಜು, ರಟ್ಟು, ಸಣ್ಣ ಮೊಳೆ, ಬೆರಳ ತುಂಬ ಗಾಯ. ನಮ್ಮಿಬ್ಬರ ಅಂಗಡಿಗೆ ನಡುವೆ ಒಂದೇ ಗೋಡೆ. ಅವನು ಸೀನಿದರೆ ನಾನು ಮೂಗು ಒರೆಸಿಕೊಳ್ಳಬೇಕು, ಅಷ್ಟು ಹತ್ತಿರ. ಇಪ್ಪತ್ತೆರಡು ವರ್ಷ ಅವನು ತೆಗೆದ ಮುಖಗಳಿಗೆಲ್ಲ ಚೌಕಟ್ಟು ಕೊಟ್ಟವನು ನಾನು. ಹಾಗಾಗಿ ಅವನ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ. ಇಲ್ಲ ಎನ್ನುವವರು ಅಂಗಡಿಗೆ ಬಂದು ಜಗಳ ಆಡಬಹುದು, ಭಾನುವಾರ ಒಂದು ಬಿಟ್ಟು.

ಅಣ್ಣನಿಗೆ ವಯಸ್ಸು ಐವತ್ತೆಂಟು. ಉದ್ದನೆಯ ಆಳು. ಕ್ಯಾಮೆರಾಗೆ ಕಣ್ಣಿಟ್ಟೂ ಇಟ್ಟೂ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಕೊಂಡಿರುತ್ತದೆ. ಹೊಸ ಗಿರಾಕಿಗಳು ಕಣ್ಣು ಹೊಡೆದನೆಂದು ಮುಖ ಗಂಟಿಕ್ಕಿದ್ದೂ ಉಂಟು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ "ಬೆಳಕು ಸರಿ ಇರ್ಲಿಲ್ಲ" ಎನ್ನುತ್ತಾನೆ. ಅಪ್ಪ ಅಮ್ಮ ಬೇಗ ಹೋದರು. ಇಬ್ಬರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದ್ದು ಅಕ್ಕ, ಅಣ್ಣನಿಗಿಂತ ಹತ್ತು ವರ್ಷ ಹಿರಿಯರು. ಹೊಲಿಗೆ ಯಂತ್ರ ತುಳಿದು ಒಬ್ಬನ ಕೈಗೆ ಕ್ಯಾಮೆರಾ ಕೊಡಿಸಿದರು, ಇನ್ನೊಬ್ಬನಿಗೆ ಕಂಪ್ಯೂಟರ್ ಕಲಿಸಿದರು. ಅವರೂ ಮದುವೆಯಾಗಲಿಲ್ಲ. ಅವರನ್ನು ಯಾಕೆಂದು ಯಾರೂ ಕೇಳಲೂ ಇಲ್ಲ. ಎಂಟು ವರ್ಷದ ಹಿಂದೆ ತೀರಿಕೊಂಡರು.

ಸ್ಟುಡಿಯೋದಲ್ಲಿ ತೆಗೆಯುವವನು ಅಣ್ಣ, ತೊಳೆಯುವವನು ತಮ್ಮ. ರೀಲು ಹೋಗಿ ಎಷ್ಟೋ ಕಾಲವಾದರೂ ಇವರ ಬಾಯಲ್ಲಿ ಅದು ಫೋಟೋ 'ತೊಳೆಯುವುದೇ'. ಈಗಿನ ಕ್ಯಾಮೆರಾದಲ್ಲಿ ಎರಡು ರೀತಿ ಇದೆಯಂತೆ. ಒಂದು, ಕ್ಯಾಮೆರಾ ತಾನೇ ಬಣ್ಣ ಬೆಳಕು ತಿದ್ದಿ ಸಿದ್ಧವಾದ ಚಿತ್ರ ಕೊಡುವುದು. ಇನ್ನೊಂದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಹಾಗೇ ಹಸಿಹಸಿಯಾಗಿ ತುಂಬಿಕೊಡುವುದು. ಈ ಎರಡನೆಯದಕ್ಕೆ ರಾ ಫೈಲ್ ಎನ್ನುತ್ತಾರೆ. ಸುಡದ ಇಟ್ಟಿಗೆ ಇದ್ದಂತೆ. ನೋಡಲು ಮಂಕು, ಆದರೆ ಕತ್ತಲೆಯಲ್ಲಿ ಅಡಗಿದ್ದೂ ಅದರೊಳಗೆ ಇರುತ್ತದೆ. ಅದನ್ನು ಸಾಫ್ಟ್‌ವೇರಿನಲ್ಲಿ ತೆರೆದು, ಇಲ್ಲಿ ಬೆಳಕು ಹೆಚ್ಚಿಸಿ, ಅಲ್ಲಿ ನೆರಳು ಎತ್ತಿ, ಚರ್ಮದ ಬಣ್ಣ ಹದ ಮಾಡುವುದೇ ತಮ್ಮನ ಕೆಲಸ. ಅದರಲ್ಲಿ ಅವನು ಪಳಗಿದ ಕೈ. ಅಣ್ಣ ತೆಗೆದ ಮಂಕು ಮುಖ ಅವನ ಕೈ ದಾಟಿ ನನ್ನ ಅಂಗಡಿಗೆ ಬರುವ ಹೊತ್ತಿಗೆ ಮಾತಾಡಿಸಿದರೆ ಓ ಎನ್ನುವಂತಿರುತ್ತಿತ್ತು.

ಜಗಳ ಹುಟ್ಟಿದ್ದು ಇಲ್ಲೇ. ಆ ಸಾಫ್ಟ್‌ವೇರ್ ಮೂಲ ಫೋಟೋವನ್ನು ಮುಟ್ಟುವುದಿಲ್ಲ. ತಮ್ಮ ಮಾಡಿದ ತಿದ್ದುಪಡಿಯನ್ನೆಲ್ಲ ಪಕ್ಕದಲ್ಲೇ ಒಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ: ಇಷ್ಟು ಬೆಳಕು, ಇಷ್ಟು ಕೆಂಪು, ಈ ಮೂಲೆಯಲ್ಲಿ ಒರೆಸು. ಒಂದು ಫೋಟೋಕ್ಕೆ ಒಂದು ಚೀಟಿ ಎಂದಿಟ್ಟುಕೊಳ್ಳಿ. ಚೀಟಿ ಇದ್ದರೆ ಯಾವಾಗ ಬೇಕಾದರೂ ಅದೇ ಚಿತ್ರವನ್ನು ಮತ್ತೆ ಅಚ್ಚು ಹಾಕಬಹುದು, ಅದಕ್ಕೇ ಅಚ್ಚಿಗೆ ಹೋದ ಚಿತ್ರದ ಫೈಲನ್ನು ಇವರು ಉಳಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ತಮ್ಮ ಊಟಕ್ಕೆ ಹೋಗಿದ್ದಾಗ, ಡಿಸ್ಕಿನಲ್ಲಿ ಜಾಗ ಇಲ್ಲವೆಂದು ಅಣ್ಣ ಸ್ವಚ್ಛತೆಗೆ ಇಳಿದ. ದಪ್ಪ ದಪ್ಪ ಫೋಟೋ ಫೈಲುಗಳ ನಡುವೆ ನೊಣದಷ್ಟಿರುವ ಸಾವಿರಾರು ಫೈಲು ಕಂಡವು. ತೆರೆದರೆ ಬರೀ ಅಂಕಿ, ಅಕ್ಷರ. ಕಸ ಎಂದುಕೊಂಡು ಒಂದೂ ಬಿಡದೆ ಗುಡಿಸಿ ಹಾಕಿದ. ಹನ್ನೆರಡು ವರ್ಷದ ಚೀಟಿಗಳು.

ಆ ಜಗಳ ಗೋಡೆಯಾಚೆ ಕೂತಿದ್ದ ನನಗೆ ಪೂರ್ತಿ ಕೇಳಿಸಿತು. ಕೇಳಬಾರದೆಂದೇನೂ ಇರಲಿಲ್ಲ, ಕೇಳಿದೆ.

"ಒಂದು ಫೋಟೋನೂ ಹೋಗಿಲ್ಲ ಕಣೋ, ಎಲ್ಲಾ ಇದೆ, ಎಣಿಸಿ ನೋಡು!" ಎನ್ನುತ್ತಿದ್ದ ಅಣ್ಣ.

"ನಿಂದು ಎಲ್ಲಾ ಇದೆ. ನಂದು ಒಂದೂ ಇಲ್ಲ" ಎಂದ ತಮ್ಮ.

"ಚಿಲ್ಲರೆ ಫೈಲಿಗೆ ಇಷ್ಟು ಹಾರಾಡ್ತೀಯಲ್ಲ! ಮತ್ತೆ ಮಾಡಿದ್ರಾಯ್ತು."

ತಮ್ಮ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದಾಯಿತು. ಆಮೇಲೆ, "ನೀನು ಏನು ಅಳಿಸಿದ್ದೀಯಾ ಅಂತ ನಿನಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ" ಎಂದ. ಅದೇ ದಿನ ತನ್ನ ಸಾಮಾನು ಕಟ್ಟಿಕೊಂಡು ಹೊರಟ. ಅವನು ಬಳಸುತ್ತಿದ್ದ ಸಾಫ್ಟ್‌ವೇರ್ ಅವನ ಖಾತೆಯಲ್ಲಿತ್ತು, ಅದೂ ಅವನ ಜೊತೆ ಹೋಯಿತು. ಈಗ ಏಳು ಬಸ್ ಸ್ಟಾಪ್ ಆಚೆ ಒಂದು ದೊಡ್ಡ ಕಲರ್ ಲ್ಯಾಬಿನಲ್ಲಿ ಊರವರ ಮುಖ ತೊಳೆಯುತ್ತಾನೆ.

ಅಣ್ಣ ಅಷ್ಟಕ್ಕೇ ಬಗ್ಗುವವನಲ್ಲ. ಕ್ಯಾಮೆರಾವನ್ನು ಸಿದ್ಧಚಿತ್ರಕ್ಕೆ ತಿರುಗಿಸಿಕೊಂಡು ಕೆಲಸ ಮುಂದುವರಿಸಿದ. ಮುಖಗಳು ಬೇಯಿಸಿದ ಆಲೂಗಡ್ಡೆಯಂತೆ ಬರತೊಡಗಿದವು. ನಾನು ಕಟ್ಟು ಹಾಕಿ ಕೊಟ್ಟೆ, ಬಾಯಿ ಬಿಡಲಿಲ್ಲ. ಗಿರಾಕಿಗಳೂ ಬಿಡಲಿಲ್ಲ, ಅವರು ಸುಮ್ಮನೆ ಬರುವುದನ್ನು ಬಿಟ್ಟರು. ಹಾಗೇ ನಡೆದುಕೊಂಡು ಹೋಗುತ್ತಿತ್ತು, ಅಕ್ಕನ ಫೋಟೋ ಹಾಳಾಗದಿದ್ದರೆ.

ಅಕ್ಕನ ಒಂದೇ ಒಂದು ಒಳ್ಳೆಯ ಫೋಟೋ ಇತ್ತು, ತೀರಿಕೊಳ್ಳುವ ಹಿಂದಿನ ವರ್ಷ ತೆಗೆದದ್ದು. ಬೇರೆ ಯಾವ ಫೋಟೋಕ್ಕೂ ಆಕೆ ನೆಟ್ಟಗೆ ನಿಂತವರಲ್ಲ, ಕ್ಯಾಮೆರಾ ಕಂಡರೆ ಕೆಲಸ ನೆನಪಾಗುತ್ತಿತ್ತು. ಅವತ್ತು ಸ್ನಾನ ಮುಗಿಸಿ, ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿಕೊಂಡು, ತಮ್ಮಂದಿರನ್ನು ಊಟಕ್ಕೆ ಕರೆಯಲು ಸ್ಟುಡಿಯೋ ಬಾಗಿಲಿಗೆ ಬಂದಿದ್ದರು. ಪಕ್ಕದ ಕಿಟಕಿಯಿಂದ ಬೆಳಕು ಬಲಗೆನ್ನೆಗೆ ಬಿದ್ದಿತ್ತು, ಎಡಭಾಗ ಪೂರ್ತಿ ಕತ್ತಲು. ಅಣ್ಣ ತಟ್ಟನೆ ಒತ್ತಿಬಿಟ್ಟ. ತಮ್ಮ ಅದನ್ನು ಎರಡು ದಿನ ಕೂತು ತೊಳೆದು, ಕತ್ತಲಲ್ಲಿದ್ದ ಅರ್ಧ ಮುಖವನ್ನು ಮೆಲ್ಲಗೆ ಎತ್ತಿ ಹೊರಗೆ ತಂದ. ಕಟ್ಟು ಹಾಕಿದ್ದು ನಾನು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ತೂಗಿ ಹಾಕಿದರು.

ಹಾಳಾದದ್ದು ನನ್ನಿಂದ. ಹೇಳಿಬಿಡುತ್ತೇನೆ. ಫೋಟೋಕ್ಕೂ ಗಾಜಿಗೂ ನಡುವೆ ಸಣ್ಣ ಪಟ್ಟಿ ಕೊಟ್ಟು ಗಾಳಿಗೆ ಜಾಗ ಬಿಡಬೇಕು, ಅದು ಈ ಕಸುಬಿನ ಮೊದಲ ಪಾಠ. ಅವತ್ತು ಪಟ್ಟಿ ಮುಗಿದಿತ್ತು, ನೋಡೋಣ ಎಂದುಕೊಂಡು ಗಾಜಿಗೆ ತಾಗಿಸಿಯೇ ಕೂರಿಸಿಬಿಟ್ಟಿದ್ದೆ. ಎಂಟು ವರ್ಷ ಏನೂ ಆಗಲಿಲ್ಲ. ಹೋದ ವರ್ಷ ಗೋಡೆಯೊಳಗಿನ ಕೊಳಾಯಿ ಸೋರಿತು, ತೇವ ಏರಿತು, ಫೋಟೋ ಗಾಜಿಗೆ ಅಂಟಿಕೊಂಡಿತು. ಬಿಡಿಸಿ ಕೊಡಿ ಎಂದು ಅಣ್ಣ ತಂದುಕೊಟ್ಟ. ಎಷ್ಟು ಜೋಪಾನವಾಗಿ ಬಿಡಿಸಿದರೂ ಕಾಗದ ನನ್ನ ಕೈಗೆ ಬಂತು, ಮುಖ ಗಾಜಿನಲ್ಲೇ ಉಳಿಯಿತು, ಚೂರುಚೂರಾಗಿ. ಅಣ್ಣ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ರಾ ಫೈಲ್ ಇದೆಯಲ್ಲ ಯಜಮಾನ್ರೇ, ಇನ್ನೊಂದು ತೊಳೆದ್ರಾಯ್ತು" ಎಂದ. ನನ್ನನ್ನು ಅವನು ಕರೆಯುವುದು ಹಾಗೇ, ಗೇಲಿಯೋ ಗೌರವವೋ ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ತೊಳೆಯಲು ಸಾಫ್ಟ್‌ವೇರ್ ಬೇಕು. ಯಾವುದು? ಅದು ತಮ್ಮನಿಗೆ ಗೊತ್ತು. ತಮ್ಮನನ್ನು ಕೇಳುವುದಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ಇವನ ವನವಾಸ. ಇಂಥ ಸಾಫ್ಟ್‌ವೇರುಗಳು ಒಂದಲ್ಲ ಎರಡಲ್ಲ, ಒಂದೊಂದನ್ನೂ ಮೂವತ್ತು ದಿನ ಬಳಸಿ ನೋಡಲು ಬಿಡುತ್ತಾರೆ. ಅಣ್ಣ ಒಂದೊಂದನ್ನೇ ತಂದು ಹಾಕಿಕೊಂಡ. ಒಂದೊಂದಕ್ಕೂ ಅಡ್ಡಹೆಸರಿಟ್ಟ. ತೆರೆದುಕೊಳ್ಳಲು ಗಂಟೆಗಟ್ಟಲೆ ಹಿಡಿಯುವುದು ಸೋಮಾರಿ. ಒಂದು ಗುಂಡಿ ಒತ್ತಿದರೆ ಸಾಕು ಎಲ್ಲ ತಾನೇ ಮಾಡುತ್ತೇನೆ ಎನ್ನುವುದು ಬಡಾಯಿ. ಅದು ಅಕ್ಕನ ಮುಖವನ್ನು ಬೊಂಬೆಗೆ ಸುಣ್ಣ ಬಳಿದಂತೆ ಮಾಡಿತು. ದೂರದೂರದ ಜನ ಸೇರಿ ಸುಮ್ಮನೆ ಮಾಡಿ ಹಂಚಿದ್ದು ಒಂದು, ಅದರ ತುಂಬ ಕೀಲಿಗಳು, ಯಾವುದನ್ನು ತಿರುಗಿಸಿದರೂ ಇನ್ನೇನೋ ಕೆಡುತ್ತದೆ, ಅದು ಅತ್ತಿಗೆ. ಅತ್ತಿಗೆ ಯಾಕೋ ಎಂದರೆ, "ನಂಗೆ ಅತ್ತಿಗೆ ಇಲ್ವಲ್ಲ, ಇರ್ಲಿ ಬಿಡಿ" ಎಂದ.

ಒಂದೊಂದರಲ್ಲೂ ಅಕ್ಕನನ್ನೇ ತೊಳೆಯುವುದು, ಅಂಗೈಯಗಲದ ಕಾಗದಕ್ಕೆ ಅಚ್ಚು ಹಾಕುವುದು, ನನ್ನ ಅಂಗಡಿಗೆ ತಂದು ಹಲಗೆಯ ಮೇಲೆ ಸಾಲಾಗಿ ಇಡುವುದು. "ಇದ್ರಲ್ಲಿ ಬಣ್ಣ ಸರಿ ಬಂದಿದ್ಯಾ?" ಎನ್ನುವುದು. ನನಗೆ ಗಾಜು ಕತ್ತರಿಸುವ ಕೆಲಸ ಇರುತ್ತಿತ್ತು, ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೂ ನೋಡುತ್ತಿದ್ದೆ. ಮುಖ ಕಿತ್ತುಹಾಕಿದವನು ನಾನಲ್ಲವೇ, ಹೇಗೆ ಗದರಲಿ?

ಹಗಲು ಹೊತ್ತು ಅವನ ಸ್ಟುಡಿಯೋಗೆ ಕಾಲಿಟ್ಟರೆ ಕಂಪ್ಯೂಟರಿನ ಗುಂಯ್ ಬಿಟ್ಟು ಬೇರೆ ಸದ್ದಿಲ್ಲ. ತಮ್ಮ ಕೂರುತ್ತಿದ್ದ ಕುರ್ಚಿಯ ಮೇಲೆ ಇವನು ಕೂರುವುದಿಲ್ಲ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕತ್ತು ಓರೆ ಮಾಡಿ ಪರದೆ ನೋಡುತ್ತಾನೆ. ಊಟವೂ ಅಲ್ಲೇ, ಮಾತೂ ಅದರ ಜೊತೆಗೇ. ಮೂವತ್ತು ದಿನ ಮುಗಿಯುತ್ತ ಬಂದಾಗ ಆ ಕಂಪನಿಗಳು ಅವನಿಗೆ ಪತ್ರ ಕಳಿಸುತ್ತಿದ್ದವು. ಒಂದು ಸಲ ನನ್ನನ್ನು ಕೂಗಿ ಕರೆದು ಓದಿ ಹೇಳಿದ: "ಇನ್ನು ಮೂರೇ ದಿನ ಉಳಿದಿದೆ. ನಿಮ್ಮನ್ನು ಕಳೆದುಕೊಳ್ಳಲು ನಮಗೆ ಇಷ್ಟವಿಲ್ಲ." ಓದಿ ಬಿದ್ದು ಬಿದ್ದು ನಕ್ಕ. "ನೋಡಿ ಯಜಮಾನ್ರೇ, ಬೇಕು ಅನ್ನೋರು ಒಬ್ಬರಾದ್ರೂ ಇದ್ದಾರೆ!" ನನಗೆ ನಗು ಬರಲಿಲ್ಲ. ಪಾಪ ಎನಿಸಿತು, ಹಾಗೆ ಎನಿಸಿದ್ದಕ್ಕೆ ಸಿಟ್ಟೂ ಬಂತು.

ಮೂರನೆಯ ತಿಂಗಳು ಹೊಸ ರಾಮಾಯಣ. ಅಕ್ಕನ ಎಡಕಿವಿಯ ಕೆಳಗೆ, ದವಡೆಯ ಮೇಲೆ, ಹೆಬ್ಬೆರಳ ಉಗುರಿನಷ್ಟು ಒಂದು ಬಿಳಿಚಿದ ಕಲೆ. ಅಂಚು ಸುಕ್ಕುಗಟ್ಟಿದಂತಿದೆ. "ಈ ಸಾಫ್ಟ್‌ವೇರು ಕಲೆ ಹಾಕ್ತಿದೆ" ಎಂದು ಅದನ್ನು ಕಿತ್ತೆಸೆದ. ಮುಂದಿನದರಲ್ಲೂ ಕಲೆ. ಹಿಂದಿನವುಗಳನ್ನು ತೆಗೆದು ಭೂತಗನ್ನಡಿ ಹಿಡಿದು ನೋಡಿದರೆ, ಇವನು ನೆರಳು ಎತ್ತಲು ಸರಿಯಾಗಿ ಕಲಿತಿರಲಿಲ್ಲವೆಂಬ ಕಾರಣಕ್ಕೆ ಕಾಣಿಸಿರಲಿಲ್ಲ, ಅಷ್ಟೇ. ಮಸುಕುಮಸುಕಾಗಿ ಎಲ್ಲದರಲ್ಲೂ ಇತ್ತು.

ಫೋಟೋ ತೆಗೆಯುವವರ ಬುದ್ಧಿ ನೋಡಿ. ಲೆನ್ಸಿನ ಮೇಲೆ ಬೂಷ್ಟು ಹಿಡಿದಿತ್ತೇನೋ ಎಂದು ಹಳೆಯ ಲೆನ್ಸು ಹುಡುಕಿ ತೆಗೆದು ಬೆಳಕಿಗೆ ಹಿಡಿದ. ಕ್ಯಾಮೆರಾದೊಳಗೆ ಧೂಳಿನ ಕಣ ಕೂತಿತ್ತೇನೋ ಎಂದು ಅದೇ ದಿನ ತೆಗೆದ ಇತರ ನಲವತ್ತು ಫೋಟೋಗಳನ್ನು ಅದೇ ಜಾಗದಲ್ಲಿ ಹಿಗ್ಗಿಸಿ ನೋಡಿದ. ಎಲ್ಲೂ ಇಲ್ಲ. ಕಿಟಕಿಯ ಗಾಜಿನ ಪ್ರತಿಫಲನ ಇರಬಹುದೆಂದು ಅದೇ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಅದೇ ಹೊತ್ತಿಗೆ ತೆಗೆದ. ನನ್ನ ದವಡೆಯ ಮೇಲೆ ಬಿಳಿ ಗಡ್ಡ ಬಿಟ್ಟು ಬೇರೇನೂ ಬರಲಿಲ್ಲ. ಕೊನೆಗೆ ಅತ್ತಿಗೆಯನ್ನು ಮಾಡಿದ ಜನಕ್ಕೆ ದೊಡ್ಡ ದೂರು ಬರೆದು, ಫೋಟೋವನ್ನೂ ಕಳಿಸಿದ. ಎಲ್ಲಿಂದಲೋ ಯಾರೋ ಒಬ್ಬ ಪುಣ್ಯಾತ್ಮ ಬಹಳ ನಯವಾಗಿ ಉತ್ತರ ಬರೆದ: ಆ ಕಲೆ ಅವರ ಮುಖದ ಮೇಲೆಯೇ ಇದ್ದಿರಬಹುದೇ?

ಅಣ್ಣ ಕೆಂಡವಾದ. "ನನ್ನ ಅಕ್ಕನ ಮುಖ ನಂಗೊತ್ತಿಲ್ವಾ? ಅವನ್ಯಾರೋ ಎಲ್ಲೋ ಕೂತು ನಂಗೆ ಹೇಳ್ಕೊಡ್ತಾನೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಎರಡು ದಿನ ನನ್ನ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಮೂರನೆಯ ದಿನ ಬಂದ. ಕೈಯಲ್ಲಿ ಅಚ್ಚು ಹಾಕಿದ ಕಾಗದಗಳ ಕಟ್ಟು. ಕೂರು ಎಂದರೂ ಕೂರಲಿಲ್ಲ.

"ಯಜಮಾನ್ರೇ, ನಮ್ಮ ಅಕ್ಕಂಗೆ ಇಲ್ಲಿ ಕಲೆ ಇತ್ತಾ?"

ನಾನು ಯೋಚಿಸಿದೆ. ಹದಿನಾಲ್ಕು ವರ್ಷ ದಿನಾ ಕಂಡ ಹೆಂಗಸು. ಅವರು ನನ್ನ ಅಂಗಡಿಯ ಮುಂದೆ ನಿಂತು ಆಡಿದ ಮಾತು ನೆನಪಿದೆ, ದನಿ ನೆನಪಿದೆ. ದವಡೆ ನೆನಪಿಲ್ಲ. ಮುಖ ಎಂದು ನೆನಪಿಸಿಕೊಂಡರೆ ನನ್ನ ಕಣ್ಣಿಗೆ ಬರುವುದು ನಾನೇ ಕಟ್ಟು ಹಾಕಿದ ಆ ಫೋಟೋ. ಹಾಗೆಂದೇ ಹೇಳಿದೆ.

"ನಂಗೂ ಅಷ್ಟೇ" ಎಂದ ಅಣ್ಣ. "ಎಂಟು ವರ್ಷ ದಿನಾ ಅದನ್ನೇ ನೋಡಿ ನೋಡಿ, ಅದೇ ಅಕ್ಕ ಆಗ್ಬಿಟ್ಟಿದೆ. ಆ ಫೋಟೋಕ್ಕಿಂತ ಮುಂಚೆ ಅವಳು ಹೇಗಿದ್ಲು ಅಂತ ಕಣ್ಣು ಮುಚ್ಕೊಂಡ್ರೆ ಏನೂ ಬರಲ್ಲ. ಕಪ್ಪಗಿದ್ಲಾ, ಕೆಂಪಗಿದ್ಲಾ ಅದೂ ಗೊತ್ತಾಗ್ತಿಲ್ಲ. ಊರವರ ಮುಖ ಎಲ್ಲಾ ನೆನಪಿದೆ. ನಮ್ಮನೇದು ಒಂದು ಹೋಗ್ಬಿಟ್ಟಿದೆ." ಅವನ ದನಿ ಒಡೆಯಿತು. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಈ ಭೂಮಿಯ ಮೇಲೆ ಅಕ್ಕನ ಮುಖ ಹತ್ತಿರದಿಂದ ಬಲ್ಲವರು ಇಬ್ಬರೇ ಉಳಿದಿದ್ದರು, ಅವರಲ್ಲಿ ಒಬ್ಬನಿಗೆ ಮರೆತುಹೋಗಿತ್ತು.

"ಹಾಗಾದ್ರೆ ಇನ್ನೊಬ್ಬನನ್ನ ಕೇಳು" ಎಂದೆ.

"ಬಾಗಿಲಲ್ಲೇ ಅಟ್ತಾನೆ."

"ಅಟ್ಟಿದ್ರೆ ವಾಪಸ್ ಬರೋಣ, ಬಸ್ಸಿಗೇನು ಬರ. ನಡಿ, ನಾನೂ ಬರ್ತೀನಿ" ಎಂದು ಅಂಗಡಿಯ ಷಟರ್ ಎಳೆದೆ.

ಕಲರ್ ಲ್ಯಾಬ್ ಎಂದರೆ ಕಿಟಕಿಯಿಲ್ಲದ ಉದ್ದ ಕೋಣೆ. ಗೋಡೆಗೆಲ್ಲ ಬೂದು ಬಣ್ಣ, ಪರದೆಯ ಬಣ್ಣ ಕಣ್ಣಿಗೆ ಕೆಡಬಾರದೆಂದು. ಸಾಲಾಗಿ ಕೂತ ಜನ, ಒಬ್ಬರೂ ಒಬ್ಬರನ್ನು ನೋಡುವುದಿಲ್ಲ. ತಮ್ಮ ಕೊನೆಯ ಮೇಜಿನಲ್ಲಿದ್ದ. ಕೂದಲು ಹಣ್ಣಾಗಿತ್ತು. ನಮ್ಮನ್ನು ಕಂಡು ಎದ್ದ, ಆಮೇಲೆ ಯಾಕೆ ಎದ್ದೆನೋ ಎಂಬಂತೆ ಮತ್ತೆ ಕೂತ.

"ಏನು ಯಜಮಾನ್ರೇ?" ಎಂದ, ನನ್ನನ್ನು ನೋಡಿಕೊಂಡು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಕಾಗದಗಳನ್ನು ಕೀಲಿಮಣೆಯ ಮೇಲೆ ಹರಡಿಬಿಟ್ಟ. ಹನ್ನೊಂದು ಅಕ್ಕಂದಿರು. ಹಸಿರು ಅಕ್ಕ, ಕೆಂಪು ಅಕ್ಕ, ಮರಳು ಎರಚಿದಂತಿರುವ ಅಕ್ಕ, ಸುಣ್ಣದ ಬೊಂಬೆ. "ಇದ್ರಲ್ಲಿ ಯಾವ್ದು ನಮ್ಮಕ್ಕ, ಹೇಳೋ. ನಂಗೆ ಮರ್ತೋಗಿದೆ" ಎಂದ. ಅಹಂಕಾರ ಒಂದು ಚೂರೂ ಇರಲಿಲ್ಲ.

ತಮ್ಮ ಒಂದೊಂದನ್ನೇ ಎತ್ತಿ ನೋಡಿದ. ಬಣ್ಣವನ್ನು ನೋಡಲಿಲ್ಲ. ಅವನ ಹೆಬ್ಬೆರಳು ಪ್ರತಿಯೊಂದರಲ್ಲೂ ದವಡೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು.

"ಕಲೆ ಕಾಣಿಸ್ತಾ?" ಎಂದ ಮೆಲ್ಲಗೆ.

"ಹೌದು. ಎಲ್ಲಾ ಸಾಫ್ಟ್‌ವೇರಲ್ಲೂ ಬರ್ತಿದೆ. ಏನು ಮಾಡಿದ್ರೂ…"

"ಸಾಫ್ಟ್‌ವೇರಿಂದಲ್ಲ. ಅವಳಿಗೆ ಇತ್ತು. ನಾನು ಒರೆಸಿದ್ದೆ. ಆ ಒರೆಸಿದ್ದು ಆ ಚಿಲ್ಲರೆ ಫೈಲಲ್ಲಿತ್ತು." ಸ್ವಲ್ಪ ತಡೆದು, "ಹೇಳ್ಬೇಡ ಅಂತ ಅವಳು ಮಾತು ತಗೊಂಡಿದ್ಲು" ಎಂದ.

"ಯಾಕೆ? ನಂಗ್ಯಾಕೆ ಹೇಳ್ಬಾರ್ದು?"

ತಮ್ಮ ನನ್ನ ಕಡೆ ನೋಡಿದ. ನಾನು ಹೊರಗೆ ಹೋಗಬೇಕಿತ್ತು ಎಂದು ಈಗ ಅನಿಸುತ್ತದೆ. ಹೋಗಲಿಲ್ಲ.

"ಬಚ್ಚಲುಮನೇಲಿ ನೀನು ಫೋಟೋ ತೊಳೆಯೋದು ಕಲೀತಿದ್ಯಲ್ಲ, ನಂಗೆ ಆಗ ಎಂಟು ವರ್ಷ. ಕೆಂಪು ದೀಪ ಹಾಕ್ಕೊಂಡು, ಬಾಗಿಲಿಗೆ ಕಂಬಳಿ ಕಟ್ಕೊಂಡು. ಅಕ್ಕ ಒಳಗೆ ಔಷಧದ ತಟ್ಟೆ ಹಿಡ್ಕೊಳ್ತಿದ್ಲು. ಒಂದಿನ ನಿನ್ನ ಮೊಣಕೈ ತಾಗಿ ಮೇಲಿಂದ, ತೊಳೆಯೋಕೆ ಇಟ್ಟಿದ್ದ ಆಸಿಡ್ ಬಾಟ್ಲಿ ಬಿತ್ತು."

"ಬಿತ್ತು. ಅವಳಿಗೇನೂ ಆಗ್ಲಿಲ್ಲ. ನಾನೇ ಕೇಳಿದ್ನಲ್ಲ, ಏನೂ ಆಗಿಲ್ಲ ಬಿಡೋ ಅಂದ್ಲು. ನಾನೇ ನೋಡ್ದೆ, ಏನೂ ಇರ್ಲಿಲ್ಲ."

"ಕೆಂಪು ದೀಪದಲ್ಲಿ ನೋಡ್ದೆ ಅಣ್ಣ. ಕೆಂಪು ದೀಪದಲ್ಲಿ ಕೆಂಪು ಗಾಯ ಕಾಣುತ್ತಾ?"

ನಲವತ್ತು ವರ್ಷ ಬೆಳಕನ್ನೇ ಕಸುಬು ಮಾಡಿಕೊಂಡವನಿಗೆ ಅದಕ್ಕಿಂತ ಹೆಚ್ಚು ವಿವರ ಬೇಕಿರಲಿಲ್ಲ.

"ಅವಳು ಹೊರಗೆ ಓಡೋಕೆ ಬಾಗಿಲಿಗೆ ಕೈ ಹಾಕಿದ್ಲಂತೆ" ಎಂದ ತಮ್ಮ. "ನೀನು ಕೂಗ್ದೆ. ಹೊರಗಿದ್ದ ನಂಗೂ ಕೇಳಿಸ್ತು. ಬಾಗಿಲು ತೆಗೀಬೇಡ, ಕಾಗದದ ಡಬ್ಬಿ ತೆರೆದಿದೆ, ಬೆಳಕು ಬಿದ್ರೆ ಎಲ್ಲಾ ಹಾಳಾಗುತ್ತೆ ಅಂತ. ನಿಂತ್ಲು. ನೀನು ಆ ಫೋಟೋ ಮುಗಿಸಿ, ಡಬ್ಬಿ ಮುಚ್ಚೋ ತನಕ, ಒಂದು ಚೊಂಬು ನೀರು ಹಾಕ್ಕೊಂಡು ಹಾಗೇ ಕತ್ತಲಲ್ಲಿ ನಿಂತಿದ್ಲು. ಆಚೆ ಬಂದಾಗ ನಾನು ನೋಡ್ದೆ. ಮುಲಾಮು ತಂದುಕೊಟ್ಟಿದ್ದು ನಾನೇ. ಅವತ್ತಿಂದ ಕೂದಲು ಕಿವಿ ಮೇಲೆ ಇಳಿಬಿಟ್ಟು ಬಾಚೋಕೆ ಶುರು ಮಾಡಿದ್ಲು."

ಪಕ್ಕದ ಮೇಜಿನವನು ಒಮ್ಮೆ ತಿರುಗಿ ನೋಡಿ ಮತ್ತೆ ತನ್ನ ಪರದೆಗೆ ಮರಳಿದ.

"ಆ ಫೋಟೋದ ನೆರಳು ಎತ್ತಿದಾಗ ನನ್ನ ಬೆನ್ನ ಹಿಂದೆ ನಿಂತು ನೋಡಿದ್ಲು. ಇದನ್ನ ತೆಗೆದ್ಬಿಡು, ಅವನು ದಿನಾ ನೋಡೋ ಗೋಡೆಗೆ ಹಾಕೋದು ಅಂದ್ಲು. ತೆಗೆದೆ." ತಮ್ಮ ಕಣ್ಣೊರೆಸಿಕೊಂಡ. "ನೀನು ಅದನ್ನ ಕಸ ಅಂತ ಗುಡಿಸ್ಬಿಟ್ಟೆ. ಜಗಳ ಆಡೋಣ ಅಂದ್ರೆ ಬಾಯಿಗೆ ಬೀಗ. ಇನ್ನೇನು ಮಾಡ್ಲಿ, ಎದ್ದು ಹೋದೆ."

ಅಣ್ಣ ಹನ್ನೊಂದು ಕಾಗದಗಳನ್ನೂ ಒಂದರ ಮೇಲೊಂದು ಜೋಡಿಸಿದ, ಅಂಚು ಕೂಡಿಸಿ ತಟ್ಟಿದ, ಮತ್ತೆ ಹರಡಿದ. ಅವನ ಕೈಗೆ ಏನು ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಜೇಬಿನಿಂದ ಫೋಟೋ ಇದ್ದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

"ಕೊಡು, ಎರಡು ನಿಮಿಷದ ಕೆಲಸ" ಎಂದು ತಮ್ಮ ಕುರ್ಚಿ ಎಳೆದುಕೊಂಡ. "ಮುಂಚಿನ ಹಾಗೇ ಒರೆಸಿ ಕೊಡ್ತೀನಿ."

"ಬಣ್ಣ ಮಾತ್ರ ಸರಿ ಮಾಡ್ಕೊಡು" ಎಂದ ಅಣ್ಣ. "ಕಲೆ ಇರ್ಲಿ. ಅವಳು ಮೂವತ್ತು ವರ್ಷ ಮುಚ್ಚಿಟ್ಲು. ಇನ್ನು ನಾನು ನೋಡ್ತೀನಿ."

ತಮ್ಮ ತೊಳೆದ. ಅಣ್ಣ ಹಿಂದೆ ನಿಂತು ನೋಡಿದ, ಒಮ್ಮೆ ಮಾತ್ರ "ಇಷ್ಟು ಕಪ್ಪಗಿದ್ಲಾ?" ಎಂದು ಕೇಳಿದ. "ಇದ್ಲು" ಎಂದ ತಮ್ಮ. ಕೊನೆಗೆ ಅಣ್ಣ ಯಾವ ಸಾಫ್ಟ್‌ವೇರ್ ಇಟ್ಟುಕೊಳ್ಳಲಿ ಎಂದೂ ಕೇಳಿದ, ಏಳು ತಿಂಗಳು ಅದಕ್ಕೇ ತಲೆ ಕೆಡಿಸಿಕೊಂಡಿದ್ದವನು ಹೋಗುವ ಮುಂಚೆ ಸುಮ್ಮನೆ ವಿಚಾರಿಸಿದಂತೆ. "ಯಾವ್ದಾದ್ರೂ ಇಟ್ಕೋ. ಪಕ್ಕದಲ್ಲಿ ಬರೆದಿಡೋದನ್ನ ಮಾತ್ರ ಮುಟ್ಬೇಡ" ಎಂದ ತಮ್ಮ. ಅತ್ತಿಗೆಯೇ ಉಳಿಯಿತು.

ತಮ್ಮ ಸ್ಟುಡಿಯೋಗೆ ಮರಳಿ ಬರಲಿಲ್ಲ. ಲ್ಯಾಬಿನ ಬಾಗಿಲ ತನಕ ಬಂದು "ಹೋಗ್ಬಾ ಅಣ್ಣ" ಎಂದ, ಅಷ್ಟೇ. ಯಾವಾಗಲಾದರೊಮ್ಮೆ ಫೋನು ಮಾಡುತ್ತಾನೆ. ಇಬ್ಬರೂ ಬಣ್ಣದ ಬಗ್ಗೆ ಮಾತಾಡಿ ಇಡುತ್ತಾರೆ. ಅಣ್ಣ ಈಗಲೂ ಸ್ಟೂಲಿನ ಮೇಲೇ ಕೂರುತ್ತಾನೆ, ಒಬ್ಬನೇ.

ಫೋಟೋಕ್ಕೆ ನಾನು ಸರಿಯಾಗಿ ಪಟ್ಟಿ ಕೊಟ್ಟು ಹೊಸ ಕಟ್ಟು ಹಾಕಿದೆ. ಒಳಕೋಣೆಯಲ್ಲಿ ಹಾಕಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಇಲ್ಲ, ಗಿರಾಕಿಗಳು ಕೂತು ಕಾಯುವ ಬೆಂಚಿನ ಎದುರಿಗೇ, ಕಣ್ಣಿನ ಮಟ್ಟಕ್ಕೆ ಹೊಡೆಸಿದ. ಕಾಯುತ್ತ ಕೂತವರು ನೋಡದೆ ಇರುವಂತಿಲ್ಲ. ಚೆನ್ನಾಗಿದೆ ಎನ್ನುತ್ತಾರೆ, ಯಾರು ಎಂದು ಕೇಳುತ್ತಾರೆ, ಆಮೇಲೆ ಸ್ವಲ್ಪ ಸಲಿಗೆಯವರಾದರೆ ಕೆನ್ನೆಗೆ ಏನಾಗಿತ್ತು ಎಂದೂ ಕೇಳುತ್ತಾರೆ.

"ನಾನು ಮಾಡಿದ್ದು" ಎನ್ನುತ್ತಾನೆ ಅಣ್ಣ.

ಗೋಡೆಯಾಚೆ ನನಗೆ ಕೇಳಿಸುತ್ತದೆ. ಕೇಳಿದವರು ಕೆಮ್ಮಿ, ತಂತಮ್ಮ ಫೋಟೋ ಯಾವಾಗ ಸಿಗುತ್ತದೆ ಎಂದು ಕೇಳುತ್ತಾರೆ. ಅವನು ನಾಳೆ ಬನ್ನಿ ಎನ್ನುತ್ತಾನೆ.